ಸಂತ ಕೆವಿನ್ನನ ಬಲಗೈ

ಫೆಬ್ರವರಿಯಲ್ಲಿ ಸುರಿದ, ಬಿದ್ದಲ್ಲೇ ಹೆಪ್ಪುಗಟ್ಟುವ ಐಸ್ ಮಳೆ ಅಮೆರಿಕದ ವಾರೆನ್ ಊರಿನಲ್ಲಿ ಮುರಿದು ಹಾಕಿದ್ದು ಒಂದೆರಡಲ್ಲ. ಬೀದಿ ಬೀದಿಯ ಮೇಪಲ್ ಕೊಂಬೆಗಳು, ಕರೆಂಟಿನ ತಂತಿಗಳು, ಯಾರದೋ ಗ್ಯಾರೇಜಿನ ಸೂರು. ಅವುಗಳ ಜೊತೆಗೆ, ಟ್ವೆಲ್ವ್ ಮೈಲ್ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಪುಟ್ಟ ಚರ್ಚಿನ ಹಿತ್ತಲಲ್ಲಿ ನಿಂತಿದ್ದ ಸಂತ ಕೆವಿನ್ನನ ಬಲಗೈ. ಕೊಂಬೆಯೊಂದು ಬಿದ್ದ ಹೊಡೆತಕ್ಕೆ ಮೊಣಕೈಯಿಂದ ಕೆಳಗೆ ಪೂರ್ತಿ ಹೋಯಿತು. ಮಾರನೆಯ ದಿನ ಕೊಂಬೆ ಎತ್ತಲು ಬಂದ ಲಾರಿಯವರು ಕೊಂಬೆಯ ಜೊತೆಗೆ ಕೈಯನ್ನೂ ತುಂಬಿಕೊಂಡು ಹೋದರು. ಅವರನ್ನು ಯಾರೂ ಬೈಯಲಿಲ್ಲ. ಐಸು ಮೆತ್ತಿಕೊಂಡ ಮೇಲೆ ಕೊಂಬೆ ಯಾವುದು, ಕೈ ಯಾವುದು?

ಈ ಸುದ್ದಿ ಭಾನುಪ್ರಿಯಾಗೆ ಗೊತ್ತಾಗಿದ್ದು ಇಂಡಿಯನ್ ಅಂಗಡಿಯಲ್ಲಿ, ಕರಿಬೇವಿನ ಪ್ಯಾಕೆಟ್ಟುಗಳ ಮುಂದೆ. ಕಪ್ಪು ಕೋಟು, ಕತ್ತಿಗೆ ಬಿಳಿ ಪಟ್ಟಿ ತೊಟ್ಟ ಒಬ್ಬ ಪಾದ್ರಿ ಫೋನಿನಲ್ಲಿ ತಂಗಿಯ ಹತ್ತಿರ ಅಚ್ಚ ಕನಕಪುರದ ಕಡೆಯ ಕನ್ನಡದಲ್ಲಿ ಕಿತ್ತಾಡುತ್ತಿದ್ದರು. "ಕರಿಬೇವ್ ಎರಡು ಡಾಲರ್ ಕಣವ್ವ, ನಮ್ಮ ಹಿತ್ತಲಲ್ಲಿ ಮೇಕೆ ತಿಂತಾ ಇತ್ತಲ್ಲ, ಅದೇ ಸೊಪ್ಪು!" ಭಾನುಪ್ರಿಯಾ ನಕ್ಕುಬಿಟ್ಟಳು. ಪಾದ್ರಿ ತಿರುಗಿ ನೋಡಿ, ಫೋನು ಇಟ್ಟು, "ಯಾವೂರಮ್ಮಾ?" ಎಂದರು.

ಅವರು ಹಾರೋಬೆಲೆಯ ಫಾದರ್ ಚೌರಪ್ಪ. ಅಮೆರಿಕದವರ ನಾಲಗೆ ಹೊರಳದೆ ಫಾದರ್ ಚಾರ್ಲಿ ಆಗಿದ್ದರು. ಭಾನುಪ್ರಿಯಾ ಮೈಸೂರಿನವಳು. ಅಲ್ಲಿ ಬ್ಯಾಂಕಿನಲ್ಲಿ ಹಗಲು ಕೆಲಸ ಮಾಡುತ್ತ, ಸಂಜೆಯ ತರಗತಿಗಳಲ್ಲಿ ಶಿಲ್ಪಕಲೆ ಕಲಿತವಳು. ಈಗ ವಾರೆನ್‌ನ ಒಂದು ಕಾರು ಕಂಪನಿಯ ಡಿಸೈನ್ ಸ್ಟುಡಿಯೋದಲ್ಲಿ ಕ್ಲೇ ಮಾಡೆಲರ್. ಹೊಸ ಕಾರು ಕಬ್ಬಿಣದಲ್ಲಿ ಹುಟ್ಟುವ ಮೊದಲು ಅದನ್ನು ಪೂರ್ತಿ ಅಳತೆಯಲ್ಲಿ ಮಣ್ಣಿನಲ್ಲಿ ಮಾಡಿ ನೋಡುತ್ತಾರೆ ಎಂದು ಅವಳು ಹೇಳಿದಾಗ ಫಾದರ್ ನಂಬಲಿಲ್ಲ.

"ಮಣ್ಣಲ್ಲಿ ಕಾರಾ? ಆಮೇಲೆ ಅದನ್ನ ಏನ್ ಮಾಡ್ತೀರಿ?"

"ದೊಡ್ಡವರು ಬಂದು ನೋಡ್ತಾರೆ. ಬೇಡ ಅಂತಾರೆ. ಕೆರೆದು, ಅದೇ ಮಣ್ಣಲ್ಲಿ ಇನ್ನೊಂದು ಮಾಡ್ತೀವಿ."

"ಬೇಕು ಅಂದ್ರೆ?"

"ಆಗ್ಲೂ ಕೆರೀತೀವಿ ಫಾದರ್. ಸ್ಕ್ಯಾನ್ ಮಾಡಿ ಅಳತೆ ಕಂಪ್ಯೂಟರಿಗೆ ಹೋದ್ಮೇಲೆ ಮಣ್ಣು ಯಾರಿಗೆ ಬೇಕು?"

ಫಾದರ್ ಕರಿಬೇವಿನ ಪ್ಯಾಕೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಯೋಚಿಸಿದರು. "ನಮ್ಮ ಸಂತರಿಗೆ ಒಂದು ಕೈ ಬೇಕಾಗಿದೆ. ಮಾಡಿಕೊಡ್ತೀಯಾ? ಇದನ್ನ ಯಾರೂ ಕೆರೆಯಲ್ಲ."

"ನಾವು ಹಿಂದೂಗಳು, ಫಾದರ್."

"ಅವರಿಗೆ ಬೇಕಾಗಿರೋದು ಕೈ. ಜಾತಿ ಸರ್ಟಿಫಿಕೇಟ್ ಅಲ್ಲ."

ಯಾರೂ ಕೆರೆಯಲ್ಲ ಎಂಬ ಮಾತು ಅವಳ ಜೊತೆಗೇ ಮನೆಗೆ ಬಂತು. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಮಾಡಿದ್ದು ಯಾವುದೂ ಉಳಿದಿರಲಿಲ್ಲ. ರಸ್ತೆಯಲ್ಲಿ ಓಡುವ ಯಾವುದೋ ಕಾರಿನ ಬಾಗಿಲಿನ ಉಬ್ಬು ತನ್ನ ಅಂಗೈಯಿಂದ ಬಂದದ್ದು ಎಂದು ಮಗಳು ತನಿಷಾಗೆ ತೋರಿಸಿದರೆ, ಅವಳು ಫೋನಿನಿಂದ ಕಣ್ಣೆತ್ತದೆ "ಕೂಲ್, ಮಾಮ್" ಅನ್ನುವಳು. ಕೈ ಮಾತ್ರ ಉಳಿಯುತ್ತದೆ. ತಾನು ಹೋದ ಮೇಲೂ ಉಳಿಯುತ್ತದೆ. ಅಷ್ಟಕ್ಕೆ ತಾನು ಯೋಗ್ಯಳೇ ಎಂಬ ಅಳುಕೂ ಅದರ ಬೆನ್ನಿಗೇ ಬಂತು. ಆದರೂ ಭಾನುವಾರ ಅವಳು ಗಂಡ ಪದ್ಮನಾಭನನ್ನು ಕರೆದುಕೊಂಡು ಚರ್ಚಿಗೆ ಹೋದಳು.

ಪೀಠದ ಮೇಲೆ ನಿಂತ ಮೂರ್ತಿ ಆಳೆತ್ತರದ್ದು, ಕಲ್ಲಿನ ಪುಡಿ ಬೆರೆಸಿದ ಸಿಮೆಂಟಿನದು. ತೆಳ್ಳನೆಯ ಮುದುಕ, ಮೊಣಕಾಲು ತನಕ ಒರಟು ಅಂಗಿ, ಬರಿಗಾಲು. ಎಡಗೈ ಎದೆಯ ಮೇಲೆ. ಬಲತೋಳು ಮುಂದಕ್ಕೆ ಚಾಚಿ, ಮೊಣಕೈಯ ಹತ್ತಿರ ಮೊಂಡು. ಅವನ ಕಥೆಯನ್ನು ಫಾದರ್ ಅಲ್ಲೇ ನಿಂತು ಹೇಳಿದರು. ಸುಮಾರು ಸಾವಿರದ ನಾನೂರು ವರ್ಷದ ಹಿಂದೆ, ಐರ್ಲೆಂಡಿನ ಎರಡು ಕೆರೆಗಳ ಒಂದು ಕಣಿವೆಯಲ್ಲಿ, ನೀರಿನ ಮೇಲಿನ ಬಂಡೆಯ ಗುಹೆಯಲ್ಲಿ ಕೆವಿನ್ ಒಬ್ಬನೇ ಇದ್ದನಂತೆ. ಆಮೇಲೆ ಜನ ಹುಡುಕಿಕೊಂಡು ಬಂದರು, ಮಠವಾಯಿತು, ಅದು ಬೇರೆ ಮಾತು. ಒಂದು ದಿನ ಅವನು ಇಕ್ಕಟ್ಟಾದ ಗುಡಿಸಲಲ್ಲಿ ಪ್ರಾರ್ಥನೆಗೆ ಕೂತಾಗ ತೋಳು ಚಾಚಲು ಜಾಗವಿಲ್ಲದೆ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿದ. ಒಂದು ಕರಿಹಕ್ಕಿ ಬಂದು ಆ ಅಂಗೈಯಲ್ಲಿ ಕೂತಿತು. ಮೊಟ್ಟೆಯಿಟ್ಟಿತು. ಮರಿ ಹೊರಬರುವ ತನಕ ಅವನು ಕೈ ಅಲ್ಲಾಡಿಸಲಿಲ್ಲ.

"ನಮ್ಮ ಗೊಮ್ಮಟನ ಮೈಗೆ ಬಳ್ಳಿ ಹಬ್ಬಿದ ಹಾಗೆ" ಎಂದ ಪದ್ಮನಾಭ.

"ಹೂಂ, ಆದ್ರೆ ನಮ್ಮವರು ಚಿಕ್ಕ ಸೈಜು" ಎಂದರು ಫಾದರ್.

ಭಾನುಪ್ರಿಯಾಳ ತಲೆಯಲ್ಲಿ ಪ್ರಶ್ನೆಗಳು ಎದ್ದವು. "ಊಟ ಹೇಗೆ ಮಾಡಿದ್ರು ಫಾದರ್? ನಿದ್ದೆ? ಅವರು ಎಡಚರಾ ಬಲಚರಾ?"

"ಏನಮ್ಮಣ್ಣಿ, ಪೊಲೀಸ್ನೋರ ಥರ ಕೇಳ್ತೀಯಲ್ಲ!"

ಅವಳಿಗೆ ಬೇಕಾದ ಮುಖ್ಯ ಪ್ರಶ್ನೆ ಬೇರೆ ಇತ್ತು. ಮುರಿದ ಕೈಯಲ್ಲಿ ಏನಿತ್ತು? ದೂರದಿಂದ ತೆಗೆದ ಫೋಟೋಗಳಲ್ಲಿ ಎಲೆಗಳ ನಡುವೆ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಪೂಜೆ ಮುಗಿಸಿ ಹೊರಬಂದವರನ್ನು ಫಾದರ್ ಒಬ್ಬೊಬ್ಬರಾಗಿ ಕೇಳಿದರು. ಕೆಂಪು ಟೋಪಿಯ ಒಬ್ಬಾತ, ಹಕ್ಕಿ ಕೆತ್ತಿತ್ತು, ತಲೆಯೆತ್ತಿ ಸಂತನ ಮುಖ ನೋಡುತ್ತಿತ್ತು ಎಂದ. ಅವನ ಹೆಂಡತಿ, ಹಕ್ಕಿ ಎಲ್ಲಿಂದ ಬಂತು, ನೀಲಿ ಬಣ್ಣದ ಮೊಟ್ಟೆಗಳಿದ್ದವು ಅಂದಳು. "ನಾನು ಇವಳ ಜೊತೆ ಮೂವತ್ತು ವರ್ಷ ಬಾಳ್ವೆ ಮಾಡಿದೀನಿ, ಇವಳಿಗೆ ನನ್ನ ಕಾರಿನ ಬಣ್ಣವೇ ಗೊತ್ತಿಲ್ಲ" ಎಂದ ಗಂಡ. ಇನ್ನೊಬ್ಬಳು ಬರೀ ಗೂಡು, ಒಳಗೆ ಏನೂ ಇಲ್ಲ ಎಂದು ಆಣೆ ಹಾಕಿದಳು. ಎಲ್ಲರೂ ಎಷ್ಟೋ ವರ್ಷಗಳಿಂದ ಅದೇ ಮೂರ್ತಿಯ ಮುಂದೆ ಕೈಮುಗಿದವರು. ಯಾರ ಮುಖದಲ್ಲೂ ಸುಳ್ಳು ಕಾಣಲಿಲ್ಲ.

"ಪೆಗಿಯನ್ನ ಕೇಳ್ಬೇಕು" ಎಂದರು ಫಾದರ್.

ಪೆಗಿ ಟೂಹಿ ಚರ್ಚಿನ ಹಿಂದಿನ ಓಣಿಯಾಚೆ, ಇಟ್ಟಿಗೆಯ ಚಿಕ್ಕ ಮನೆಯಲ್ಲಿದ್ದ ವಿಧವೆ. ಎಂಬತ್ತಾರು ವರ್ಷ. ಅವಳ ಅಡುಗೆಮನೆಯ ಕಿಟಕಿಯಿಂದ ಮೂರ್ತಿ ನೇರ ಕಾಣುತ್ತಿತ್ತು. ಹುಟ್ಟಿದ್ದು ಅದೇ ಮನೆಯಲ್ಲಿ. ಈಗ ಮನೆ ಮಾರಾಟವಾಗಿತ್ತು. ಶಿಕಾಗೋ ಕಡೆ ಡೌನರ್ಸ್ ಗ್ರೋವ್‌ನಲ್ಲಿರುವ ಮಗ ಮೇ ತಿಂಗಳ ಎರಡನೇ ಶನಿವಾರ ಬಂದು ಕರೆದುಕೊಂಡು ಹೋಗುವವನಿದ್ದ. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಅವುಗಳ ನಡುವೆ ದಾರಿ ಮಾಡಿಕೊಂಡು ಅವಳು ಭಾನುಪ್ರಿಯಾಳನ್ನು ಕಿಟಕಿಯ ಹತ್ತಿರ ಕೂರಿಸಿ ಟೀ ಕೊಟ್ಟಳು.

"ಕೈಯಲ್ಲಿ ಏನೂ ಇರಲಿಲ್ಲ" ಎಂದಳು ಪೆಗಿ. "ಖಾಲಿ ಕೈ. ಅಂಗೈ ಮೇಲ್ಮುಖ."

"ಆದ್ರೆ ಅವರೆಲ್ಲ ನೋಡಿದ್ದು?"

"ನಿಜವನ್ನೇ ನೋಡಿದ್ದು. ಅವರು ಹಿತ್ತಲಿಗೆ ಬರುವುದು ವರ್ಷಕ್ಕೊಂದು ಸಲ, ಜೂನ್ ಮೂರಕ್ಕೆ, ಅವನ ಹಬ್ಬಕ್ಕೆ. ಆ ಹೊತ್ತಿಗೆ ರಾಬಿನ್ ಹಕ್ಕಿ ಕೆಲವು ವರ್ಷ ಕಾವು ಕೂತಿರುತ್ತದೆ. ಕೆಲವು ವರ್ಷ ಮೊಟ್ಟೆ ಬಿಟ್ಟು ಹುಳ ಹುಡುಕಲು ಹೋಗಿರುತ್ತದೆ. ಕೆಲವು ವರ್ಷ ಮರಿ ಹಾರಿ ಬರೀ ಗೂಡು. ಮಣ್ಣು ಮೆತ್ತಿ ಮೆತ್ತಿ ಎಲ್ಲ ಸಿಮೆಂಟಿನ ಬಣ್ಣಕ್ಕೇ ತಿರುಗಿರುತ್ತದಲ್ಲ, ಮುದುಕರ ಕಣ್ಣಿಗೆ ಕೆತ್ತಿದ ಹಾಗೆ." ಪೆಗಿ ಸಕ್ಕರೆಯ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. "ಐರ್ಲೆಂಡಿನ ಕರಿಹಕ್ಕಿ ಈ ದೇಶದಲ್ಲಿ ಇಲ್ಲ. ರಾಬಿನ್ ಅದರ ದಾಯಾದಿ. ಕೆವಿನ್ ಅಷ್ಟಕ್ಕೇ ಹೊಂದಿಕೊಂಡ."

ಭಾನುಪ್ರಿಯಾ ಕಿಟಕಿಯಾಚೆ ಮೊಂಡು ತೋಳನ್ನು ನೋಡಿದಳು.

"ನಿನಗೊಂದು ಮಾತು ಹೇಳ್ತೀನಿ" ಎಂದಳು ಪೆಗಿ. "ಪ್ರತಿ ವಸಂತದಲ್ಲೂ ಈ ಕಿಟಕಿಯಿಂದ ಆ ಹಕ್ಕಿ ಕೂರುವುದನ್ನು ನೋಡಿದ್ದೀನಿ. ಯಾವ ವರ್ಷವೂ ತಪ್ಪಿಲ್ಲ, ಗಂಡ ಸತ್ತ ವರ್ಷವೂ. ಈ ಸಲ ನೋಡದೆ ಹೋದರೆ, ಯಾರೋ ಮಾತಾಡುತ್ತಿರುವಾಗ ಮಧ್ಯದಲ್ಲೇ ಎದ್ದು ಹೋದ ಹಾಗಾಗುತ್ತದೆ. ಕೈ ಬೇಗ ಮಾಡು."

ಕೆಲಸ ಗ್ಯಾರೇಜಿನಲ್ಲಿ ಶುರುವಾಯಿತು. ಸ್ಟುಡಿಯೋದ ಕಂದು ಮಣ್ಣು ಬಿಸಿ ಮಾಡಿದರೆ ಬೆಣ್ಣೆ, ತಣ್ಣಗಾದರೆ ಗಟ್ಟಿ. ಮಾದರಿಗೆ ಪದ್ಮನಾಭನ ಕೈ. ಅಂಗೈ ಅಲ್ಲಾಡದಿರಲಿ ಎಂದು ಅವಳು ಅದರ ಮೇಲೆ ಒಂದು ಸ್ಟೀಲ್ ಬಟ್ಟಲು ಇಟ್ಟು ನಿಲ್ಲಿಸಿದಳು.

"ಇನ್ನೆಷ್ಟು ಹೊತ್ತು ಕಣೇ? ನಾನೇನು ಗೊಮ್ಮಟನಾ?"

"ಗೊಮ್ಮಟ ಇಷ್ಟು ಮಾತಾಡ್ತಿರಲಿಲ್ಲ. ಸುಮ್ನೆ ನಿಂತ್ಕೊಳ್ರೀ."

"ಬಟ್ಲಲ್ಲಿ ಒಂಚೂರು ಖಾರ ಕಡ್ಲೆಕಾಯಿ ಬೀಜ ಆದ್ರೂ ಹಾಕು. ಪುಣ್ಯಾತ್ಮ ಸಂತನಿಗೆ ಹಕ್ಕಿ ಆದ್ರೂ ಇತ್ತು."

ಸಂಜೆಗಳಲ್ಲಿ ಅವಳು ಲೈಬ್ರರಿಯಿಂದ ತಂದದ್ದನ್ನೆಲ್ಲ ಓದಿದಳು. ಅವಳ ಸ್ವಭಾವವೇ ಹಾಗೆ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಮಾಡಲು ಕೈ ಬರುತ್ತಿರಲಿಲ್ಲ. ಕೆವಿನ್ ನೂರಿಪ್ಪತ್ತು ವರ್ಷ ಬದುಕಿದ್ದನಂತೆ. ಅವನ ಪ್ರಾರ್ಥನೆಯ ಪುಸ್ತಕ ಕೆರೆಗೆ ಬಿದ್ದಾಗ ಒಂದು ನೀರುನಾಯಿ ತಂದುಕೊಟ್ಟಿತಂತೆ, ಅಕ್ಷರ ಒಂದೂ ಅಳಿಸಿರಲಿಲ್ಲವಂತೆ. ಇವನ್ನೆಲ್ಲ ಅವಳು ಬೆರಗಿನಿಂದ ಓದಿದಳು. ಆಮೇಲೆ ಇನ್ನೊಂದು ಕಥೆ ಸಿಕ್ಕಿತು. ಒಬ್ಬ ಹುಡುಗಿ ಅವನನ್ನು ಇಷ್ಟಪಟ್ಟು ಕಾಡಿಗೆ ಹಿಂಬಾಲಿಸಿ ಬಂದಳು. ಕೆವಿನ್ ಮುಟ್ಟಿದರೆ ಉರಿಯುವ ತುರುಚೆ ಗಿಡದ ಕಂತೆ ಹಿಡಿದು ಅವಳ ಮೈಗೆ, ಮುಖಕ್ಕೆ ಹೊಡೆದ. ಇನ್ನೊಂದು ಕಡೆ, ಅವಳನ್ನು ಬಂಡೆಯಿಂದ ಕೆರೆಗೆ ತಳ್ಳಿದ ಎಂದೇ ಇತ್ತು.

ಭಾನುಪ್ರಿಯಾ ಪುಸ್ತಕ ಮುಚ್ಚಿ ಫಾದರ್‌ಗೆ ಫೋನ್ ಮಾಡಿದಳು.

"ಹೌದು, ಹಂಗೂ ಬರೆದಿದ್ದಾರೆ" ಎಂದರು ಫಾದರ್. ಅವರ ದನಿ ತಗ್ಗಿತ್ತು. "ಅವರು ಸತ್ತು ಎಷ್ಟೋ ನೂರು ವರ್ಷ ಆದ್ಮೇಲೆ ಬರೆದದ್ದು. ಹೆಣ್ಣನ್ನ ದೂರ ಇಟ್ರೆ ದೊಡ್ಡ ಸಂತ ಅನ್ನೋ ಕಾಲ."

"ಹಕ್ಕಿ ಕಥೆ ಬರೆದದ್ದೂ ಆಮೇಲೇ ಅಲ್ವಾ?"

"ಅದೂ ಆಮೇಲೇ."

"ಹಾಗಾದ್ರೆ ನಾನು ಯಾವ ಕೈ ಮಾಡ್ತಿದೀನಿ ಫಾದರ್?"

"ನನ್ಗೂ ಗೊತ್ತಿಲ್ಲ ಕಣಮ್ಮ. ಪೆಗಿ ಹತ್ರ ಮಾತಾಡು."

ಪೆಗಿಗೆ ಕಥೆ ಗೊತ್ತಿತ್ತು. "ಆ ಹುಡುಗಿಗೆ ಜನ ಕ್ಯಾಥ್ಲೀನ್ ಅಂತ ಹೆಸರಿಟ್ಟರು. ನನ್ನಮ್ಮನ ಹೆಸರೂ ಅದೇ. ಅಮ್ಮ ಆ ಮೂರ್ತಿಗೆ ಒಂದು ದಿನವೂ ತಲೆಬಾಗಲಿಲ್ಲ. ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ಹಕ್ಕಿಗೆ ಕಾಳು ಹಾಕಿ, ಅವನ ಮುಖ ನೋಡದೆ ವಾಪಸು ಬರುತ್ತಿದ್ದಳು." ಪೆಗಿ ನಕ್ಕಳು. "ಪಾದ್ರಿ ಕೇಳಿದರೆ, 'ನನ್ನ ಲೆಕ್ಕಾಚಾರ ಹಕ್ಕಿಯ ಜೊತೆ' ಅನ್ನುತ್ತಿದ್ದಳು."

ಮನೆಗೆ ಬಂದು ಭಾನುಪ್ರಿಯಾ ಮಣ್ಣಿನ ಕೈಯನ್ನು ಬಹಳ ಹೊತ್ತು ನೋಡಿದಳು. ಬೆರಳುಗಳನ್ನು ಅವಳು ದೇವರ ಬೆರಳುಗಳ ಹಾಗೆ ನೀಳವಾಗಿ, ನಯವಾಗಿ ಮಾಡಿದ್ದಳು. ಗೆಣ್ಣುಗಳಿಗೆ ಮತ್ತೆ ಮಣ್ಣು ಹಚ್ಚಿ ಒರಟು ಮಾಡಿದಳು. ತುರುಚೆ ಗಿಡ ಹಿಡಿದವನ ಅಂಗೈಯೂ ಉರಿದಿರಲೇಬೇಕು, ಅದನ್ನು ಯಾರೂ ಬರೆದಿಲ್ಲವಲ್ಲ ಎಂದುಕೊಂಡಳು. ಒಳ್ಳೆಯ ಕೈಯೋ ಕೆಟ್ಟ ಕೈಯೋ ಎಂದು ತೀರ್ಮಾನಿಸುವುದನ್ನು ಬಿಟ್ಟು, ಕೆಲಸ ಮಾಡಿದ ಒಬ್ಬ ಮನುಷ್ಯನ ಕೈ ಮಾಡಿದಳು.

ಅಂಗೈಯನ್ನು ಮಾತ್ರ ತನ್ನ ಕಸುಬಿನ ಪ್ರಕಾರವೇ ಮಾಡಿದಳು. ಕಾರಿನ ಹೊರಮೈಯಲ್ಲಿ ನೀರು ನಿಲ್ಲುವ ಗುಳಿ ಇರಕೂಡದು. ನಿಂತ ನೀರು ಚಳಿಗೆ ಹೆಪ್ಪುಗಟ್ಟುತ್ತದೆ, ಹೆಪ್ಪು ಹಿಗ್ಗುತ್ತದೆ, ಬಿರುಕು ಬಿಡುತ್ತದೆ. ಹಳೆಯ ಕೈ ಅಷ್ಟು ಸುಲಭವಾಗಿ ಮುರಿದದ್ದೂ ಅದಕ್ಕೇ ಇರಬೇಕು ಎಂದು ಅವಳ ಅಂದಾಜು. ಆದ್ದರಿಂದ ಅಂಗೈಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು, ಕಿರುಬೆರಳಿನ ಕಡೆಗೆ ನೀರು ಹರಿದುಹೋಗುವಂತೆ ನುಣ್ಣಗೆ ಉಜ್ಜಿದಳು.

ಏಪ್ರಿಲ್ ನಡುವಿನಲ್ಲಿ ಅಚ್ಚು ತೆಗೆದು, ಕಲ್ಲುಪುಡಿ ಸಿಮೆಂಟು ಸುರಿದು, ಒಳಗೆ ಕಬ್ಬಿಣದ ಸರಳು ಕೊಟ್ಟು, ಕೈಯನ್ನು ತೋಳಿಗೆ ಜೋಡಿಸಿದರು. ಫಾದರ್ ಒಂದು ಕಡೆ, ಪದ್ಮನಾಭ ಒಂದು ಕಡೆ ಹಿಡಿದುಕೊಂಡಿದ್ದರು. ಎಲ್ಲ ಗಟ್ಟಿಯಾದ ಮೇಲೆ ಭಾನುಪ್ರಿಯಾ ಒಂದು ಚೊಂಬು ನೀರು ತಂದು ಅಂಗೈ ಮೇಲೆ ಸುರಿದಳು. ಒಂದು ಹನಿಯೂ ನಿಲ್ಲಲಿಲ್ಲ.

"ಶಭಾಷ್!" ಎಂದರು ಫಾದರ್.

"ಇನ್ನು ನೂರು ವರ್ಷ ಏನೂ ಆಗಲ್ಲ" ಎಂದಳು ಅವಳು. ತನ್ನ ಕೆಲಸದ ಬಗ್ಗೆ ಅಷ್ಟು ಧೈರ್ಯವಾಗಿ ಅವಳು ಮಾತಾಡಿದ್ದು ಅದೇ ಮೊದಲು.

ರಾಬಿನ್ ಬಂತು. ಕಂದು ಬೆನ್ನು, ಇಟ್ಟಿಗೆ ಬಣ್ಣದ ಎದೆ. ಪೆಗಿ ಫೋನ್ ಮಾಡಿ ಕರೆದಳು, ಭಾನುಪ್ರಿಯಾ ಕೆಲಸದಿಂದ ನೇರ ಓಡಿ ಹೋಗಿ ಕಿಟಕಿಯ ಹತ್ತಿರ ಕೂತಳು. ಹಕ್ಕಿ ಒಣಹುಲ್ಲು ತಂದಿತು, ಮಣ್ಣು ತಂದಿತು, ಅಂಗೈಯಲ್ಲಿ ಕೂತು ಎದೆಯಿಂದ ಒತ್ತಿತು. ಪೆಗಿ ಅವಳ ಮೊಣಕೈ ಹಿಡಿದುಕೊಂಡಳು. ಆದರೆ ಹಕ್ಕಿ ಮತ್ತೆ ಮಣ್ಣಿಗೆ ಹೋದಾಗ, ಹುಲ್ಲಿನ ಕಂತೆ ಮೆಲ್ಲಗೆ, ಯಾರೋ ಎಳೆದಂತೆ, ಕಿರುಬೆರಳಿನ ಕಡೆ ಜಾರಿ ಕೆಳಗೆ ಬಿತ್ತು.

ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಸಂತನ ಕಾಲ ಹತ್ತಿರ ಒಣಹುಲ್ಲಿನ ಗುಪ್ಪೆ ಬೆಳೆಯುತ್ತ ಹೋಯಿತು.

"ಹೊಸ ಸಿಮೆಂಟಿನ ವಾಸನೆ ಹಿಡಿಸಲ್ವೇನೋ" ಎಂದಳು ಭಾನುಪ್ರಿಯಾ.

"ಮೂರು ದಿನದಿಂದ ಕಟ್ಟುತ್ತಿದೆ. ಹಿಡಿಸದಿದ್ದರೆ ಯಾಕೆ ಬರುತ್ತದೆ?" ಎಂದಳು ಪೆಗಿ. ಅವಳು ದೂರಲಿಲ್ಲ. ಪೆಟ್ಟಿಗೆಗೆ ಅಂಟಿಸುವ ಟೇಪನ್ನು ಕೈಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದಳು.

ಮನೆಯಲ್ಲಿ ಪದ್ಮನಾಭ, "ನನ್ನ ಕೈಯಲ್ಲಿ ದುಡ್ಡೂ ನಿಲ್ಲಲ್ಲ, ಹಕ್ಕಿ ಎಲ್ಲಿ ನಿಲ್ಲುತ್ತೆ" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ತನ್ನಂಥವಳು ಈ ಕೆಲಸಕ್ಕೆ ಒಪ್ಪಿಕೊಳ್ಳಬಾರದಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಬಲ್ಲವರು ಮಾಡಿದ್ದರೆ ಹಕ್ಕಿ ಕೂರುತ್ತಿತ್ತು.

ಉತ್ತರ ಸಿಕ್ಕಿದ್ದು ಸ್ಟುಡಿಯೋದಲ್ಲಿ. ಒಂದು ಮಣ್ಣಿನ ಕಾರಿನ ಮುಂದಿನ ಗಾಜಿನ ಕೆಳಗೆ ಅವಳು ಕೆರೆಯುತ್ತಿದ್ದಾಗ ಮೇಲಧಿಕಾರಿ ಬಂದು ಬೆರಳಿಟ್ಟು, "ಇಲ್ಲಿ ನೀರು ನಿಲ್ಲುತ್ತದೆ" ಎಂದ. ಅವಳ ಕೈ ತಾನೇ ತಾನಾಗಿ ಆ ಗುಳಿಯನ್ನು ಸವರಿ ಮಟ್ಟ ಮಾಡಿತು. ಮಾಡಿ, ಅಲ್ಲೇ ನಿಂತಿತು. ನೀರು ನಿಲ್ಲದ ಕಡೆ ಇನ್ನೇನು ನಿಲ್ಲುತ್ತದೆ? ಅಷ್ಟು ವರ್ಷ ಅವಳ ಕಸುಬೆಲ್ಲ ಯಾವುದನ್ನೂ ನಿಲ್ಲಗೊಡದ ಮೈ ಮಾಡುವುದಾಗಿತ್ತು. ಗಾಳಿ, ನೀರು, ಬೆಳಕು ಎಲ್ಲ ಜಾರಿ ಹೋಗಬೇಕು. ಹಳೆಯ ಮೂರ್ತಿ ಮಾಡಿದವರಿಗೆ ಆ ಕಸುಬು ಗೊತ್ತಿರಲಿಲ್ಲ, ಅವರು ಅಂಗೈಯನ್ನು ಅಂಗೈಯ ಹಾಗೇ ಗುಳಿ ಮಾಡಿದ್ದರು.

ಸಂಜೆ ಊಟಕ್ಕೆ ಕೂತಾಗ ಇದನ್ನು ಹೇಳಿದಳು. ಅಂಗೈಯ ಅಂಚಿಗೆ ಒಂದು ಸಣ್ಣ ಕಟ್ಟೆ ಕಟ್ಟಿ, ಒಳಗೆ ಉಳಿಯಿಂದ ಕಚ್ಚು ಹಾಕಿದರೆ ಗೂಡು ನಿಲ್ಲುತ್ತದೆ.

"ಮಾಡಿಬಿಡು ಮತ್ತೆ" ಎಂದ ಪದ್ಮನಾಭ.

"ಕಟ್ಟೆ ಕಟ್ಟಿದ್ರೆ ನೀರೂ ನಿಲ್ಲುತ್ತೆ ಕಣ್ರೀ. ಚಳಿಗಾಲದಲ್ಲಿ ಐಸ್ ಆಗುತ್ತೆ. ನೂರು ವರ್ಷ ಅಂದಿದ್ನಲ್ಲ, ತೇಪೆ ಹಾಕಿದ ಕೈ ಹತ್ತು ವರ್ಷವೂ ಬಾಳೋದು ಅನುಮಾನ." ಅವಳು ಅನ್ನದಲ್ಲಿ ಬೆರಳಾಡಿಸುತ್ತ ಕೂತಳು. "ಉಳಿಯೋ ಹಾಗೆ ಒಂದೇ ಒಂದು ಮಾಡಿದ್ದೆ."

ತನಿಷಾ ಫೋನಿನಿಂದ ತಲೆಯೆತ್ತಿದಳು. ಮೊಟ್ಟೆಯಿಟ್ಟ ಗೂಡನ್ನು ಮುಟ್ಟುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ, ಏನು ಮಾಡುವುದಿದ್ದರೂ ಅಮ್ಮ ಅದಕ್ಕೆ ಮುಂಚೆ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, "ಅಂಡ್ ಮಾಮ್, ಅದು ಯಾರ ಕೈ? ನಿಂದಾ, ಆ ಸೇಂಟ್‌ದಾ?" ಎಂದು ಕೇಳಿ ಮತ್ತೆ ಫೋನಿಗೆ ಬಗ್ಗಿದಳು.

ಭಾನುಪ್ರಿಯಾ ಎದ್ದು ಗ್ಯಾರೇಜಿಗೆ ಹೋಗಿ ಉಳಿ ಹುಡುಕಿದಳು.

ಪೆಗಿ ಹೊರಡುವ ಶನಿವಾರಕ್ಕೆ ಒಂದು ವಾರ ಇತ್ತು. ಅವತ್ತು ಬೆಳಿಗ್ಗೆ ಸಿಮೆಂಟು ಗಟ್ಟಿಯಾಗುವಷ್ಟು, ಐವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬಿಸಿಲು ಬಂದಿತ್ತು. ಭಾನುಪ್ರಿಯಾ ಸ್ಟೂಲಿನ ಮೇಲೆ ನಿಂತು, ನುಣ್ಣಗೆ ಉಜ್ಜಿದ್ದ ಅಂಗೈಗೆ ಉಳಿ ಇಟ್ಟಳು. ಮೊದಲ ಏಟಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕಷ್ಟವಾಗಲಿಲ್ಲ. ಯಾರೂ ಕೆರೆಯಲ್ಲ ಎಂದಿದ್ದರು ಫಾದರ್. ಅವಳೇ ಕೆರೆಯುತ್ತಿದ್ದಳು. ಕಚ್ಚು ಹಾಕಿ ಮುಗಿಸಿ, ಬೇಗ ಗಟ್ಟಿಯಾಗುವ ಸಿಮೆಂಟು ಕಲೆಸಿ, ಕಿರುಬೆರಳಿನ ಅಂಚಿನುದ್ದಕ್ಕೂ ಕಟ್ಟೆ ಕಟ್ಟಿದಳು. ಆದರೆ ಇಳಿಜಾರು ಅವಳದೇ ಕೆಲಸವಾಗಿತ್ತು, ಅಚ್ಚುಕಟ್ಟಾಗಿತ್ತು. ಹಸಿ ಕಟ್ಟೆ ಮೆಲ್ಲಗೆ ಜಗ್ಗತೊಡಗಿತು. ಕಟ್ಟಿಗೆ ಕೊಟ್ಟು ನಿಲ್ಲಿಸೋಣ ಎಂದರೆ ಬೆರಳುಗಳ ಬಾಗಿಗೆ ಯಾವ ಕಟ್ಟಿಗೆಯೂ ಕೂರಲಿಲ್ಲ. ಕೊನೆಗೆ ಅವಳು ಪ್ಲಾಸ್ಟಿಕ್ ಹಾಳೆ ಸುತ್ತಿದ ತನ್ನ ಬಲಗೈಯನ್ನೇ ಕೆಳಗಿನಿಂದ ಒತ್ತಿ ಹಿಡಿದಳು. ಬೆರಳುಗಳ ಬಾಗಿಗೆ ಅದು ಸರಿಯಾಗಿ ಹೊಂದಿತು.

"ಎಷ್ಟೊತ್ತು ಹಿಡ್ಕೋಬೇಕು?" ಎಂದರು ಸ್ಟೂಲು ಹಿಡಿದು ನಿಂತಿದ್ದ ಫಾದರ್.

"ಗಟ್ಟಿ ಆಗೋ ತನಕ."

"ನಾನು ಹಿಡ್ಕೊಳ್ಲಾ?"

"ಬೇಡ ಫಾದರ್, ಕೈ ಬದಲಾಯಿಸಿದ್ರೆ ಕಟ್ಟೆ ಬಿದ್ದುಹೋಗುತ್ತೆ."

ಮೊದಲು ಭುಜ ನೋಯಿತು. ಆಮೇಲೆ ಮೊಣಕೈ ನಡುಗಿತು, ಆಮೇಲೆ ಬೆರಳುಗಳು ತನ್ನವಲ್ಲ ಅನ್ನಿಸಿತು. ಮೂಗು ತುರಿಸಿತು. ಪುಸ್ತಕಗಳಲ್ಲಿ ಇದು ಒಂದೂ ಇರಲಿಲ್ಲ. ಹಕ್ಕಿಯ ಬಗ್ಗೆ ಬರೆದವರು ಮೂಗಿನ ಬಗ್ಗೆ ಯಾಕೆ ಬರೆಯಲಿಲ್ಲ? ಆ ಮನುಷ್ಯ ಬೈದುಕೊಂಡಿರಬಹುದೇ? ಇನ್ನು ಸಾಕು ಎಂದು ಎಷ್ಟು ಸಲ ಅಂದುಕೊಂಡಿರಬಹುದು? ಅಷ್ಟು ಹತ್ತಿರದಿಂದ ಅವಳು ಮೂರ್ತಿಯ ಮುಖವನ್ನು ನೋಡಿದ್ದು ಅದೇ ಮೊದಲು. ಮಾಡಿದವರು ಅವನಿಗೆ ದೈವಕಳೆಯನ್ನೇನೂ ಕೊಟ್ಟಿರಲಿಲ್ಲ. ಕಣ್ಣಿನ ಕೆಳಗೆ ನಿದ್ದೆ ಕೆಟ್ಟವನ ಹಾಗೆ ಎರಡು ಮಡಿಕೆ ಇದ್ದವು. ಅವಳಿಗೆ ಅವನ ಮೇಲೆ ಪೂರ್ತಿ ಸಿಟ್ಟೂ ಇರಲಿಲ್ಲ, ಪೂರ್ತಿ ಭಕ್ತಿಯೂ ಬರಲಿಲ್ಲ. ಇನ್ನೂ ಕೇಳುವುದಿದೆ ಎಂಬ ಆಸೆ ಮಾತ್ರ ಇತ್ತು.

ಬೇಲಿಯ ಮೇಲೆ ರಾಬಿನ್ ಬಂದು ಕೂತು, ಕೊಕ್ಕಿನ ತುಂಬ ಹುಲ್ಲು ಕಚ್ಚಿಕೊಂಡು ಅತ್ತಿತ್ತ ಹಾರಿ ರೇಗಾಡಿತು.

"ಯಾವ ಕೈ ಮೇಲೆ ಕೂರೋದು ಅಂತ ಅದಕ್ಕೆ ತಿಳೀತಾ ಇಲ್ಲ" ಎಂದರು ಫಾದರ್.

"ನಗಿಸ್ಬೇಡಿ ಫಾದರ್, ಕೈ ಅಲ್ಲಾಡುತ್ತೆ!"

ಓಣಿಯಾಚೆ ಕಿಟಕಿಯಲ್ಲಿ ಪೆಗಿ ನಿಂತಿದ್ದಳು. ಕಟ್ಟೆ ಗಟ್ಟಿಯಾಗಿ ಭಾನುಪ್ರಿಯಾ ಸ್ಟೂಲಿನಿಂದ ಇಳಿಯುವ ತನಕವೂ ಅಲ್ಲಿಂದ ಸರಿಯಲಿಲ್ಲ.

ಮುಂದಿನ ಶನಿವಾರ ಮಗ ದೊಡ್ಡ ವ್ಯಾನು ತಂದಿದ್ದ. ಪದ್ಮನಾಭ ಅವನ ಜೊತೆ ಪೆಟ್ಟಿಗೆ ಹೊರುತ್ತಿದ್ದ. ಟೇಬಲ್ಲು ಕುರ್ಚಿ ಎಲ್ಲ ಹೋಗಿ ಅಡುಗೆಮನೆ ಖಾಲಿಯಾಗಿತ್ತು, ಪರದೆಯೂ ಇರಲಿಲ್ಲ. ಭಾನುಪ್ರಿಯಾ ಮತ್ತು ಪೆಗಿ ಕಿಟಕಿಯ ಹತ್ತಿರ ನಿಂತಿದ್ದರು. ಸಂತನ ಅಂಗೈಯಲ್ಲಿ ಗೂಡು ಇತ್ತು. ಹೊಸ ಕಟ್ಟೆಗೆ ಒತ್ತಿಕೊಂಡು, ಹಸಿಮಣ್ಣಿನ ಬಣ್ಣದಲ್ಲಿ, ಗಟ್ಟಿಯಾಗಿ ಕೂತಿತ್ತು. ಗೂಡಿನ ಮೇಲೆ ಒಂದು ಬಾಲ ಮಾತ್ರ ಕಾಣುತ್ತಿತ್ತು.

"ಕಟ್ಟೆ ಸ್ವಲ್ಪ ಎತ್ತರ ಆಯ್ತು" ಎಂದಳು ಭಾನುಪ್ರಿಯಾ. "ಇಲ್ಲಿಂದ ಹಕ್ಕಿ ಕಾಣಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಕ್ಷಮಿಸಿ."

"ಶ್" ಎಂದಳು ಪೆಗಿ.

ಹೊರಗೆ ಮಗ ಹಾರ್ನ್ ಮಾಡಿದ. ಮುನ್ನೂರು ಮೈಲಿ ದಾರಿ, ಕತ್ತಲಾಗುವ ಮುಂಚೆ ಶಿಕಾಗೋದ ಟ್ರಾಫಿಕ್ ದಾಟಬೇಕು ಎಂದು ಕೂಗಿದ. ಪೆಗಿ ಕೇಳಿಸದವಳ ಹಾಗೆ ನಿಂತಿದ್ದಳು. ಮತ್ತೆ ಹಾರ್ನ್ ಆಯಿತು. ಹಕ್ಕಿ ಗೂಡಿನೊಳಗೆ ಎದೆಯೊತ್ತಿ ಮೆಲ್ಲಗೆ ಒಂದು ಸುತ್ತು ತಿರುಗಿತು. ಬಾಲ ಮರೆಯಾಗಿ, ಕಟ್ಟೆಯ ಮೇಲೆ ಹಳದಿ ಕೊಕ್ಕು, ಆಮೇಲೆ ಕಣ್ಣು ಕಾಣಿಸಿತು. ಕಿಟಕಿಯ ಕಡೆಗೇ ನೋಡುತ್ತಿತ್ತು.

"ಆಯ್ತು" ಎಂದಳು ಪೆಗಿ. ಕೋಟು ತೊಟ್ಟು, ಬಾಗಿಲ ಬಳಿ ಇಟ್ಟಿದ್ದ ಕಾಳಿನ ಡಬ್ಬಿಯನ್ನು ಭಾನುಪ್ರಿಯಾಳ ಕೈಗೆ ಕೊಟ್ಟಳು. "ಅವನ ಮುಖ ನೋಡಬೇಕು ಅಂತೇನೂ ಇಲ್ಲ. ನಿನ್ನಿಷ್ಟ."

ವ್ಯಾನು ಹೋದ ಮೇಲೆ ಭಾನುಪ್ರಿಯಾ ಹಿತ್ತಲಿಗೆ ಬಂದು, ಹಕ್ಕಿ ಬೆದರದಷ್ಟು ದೂರದಲ್ಲಿ ಕಾಳು ಚೆಲ್ಲಿದಳು. ಫಾದರ್ ಕೈ ಕಟ್ಟಿಕೊಂಡು ನೋಡುತ್ತಿದ್ದರು.

"ಮರಿ ಹಾರಿದ ಮೇಲೆ ಗೂಡು ತೆಗೆದು, ನವೆಂಬರಿನಲ್ಲಿ ಕೈಗೆ ಏನಾದ್ರೂ ಮುಚ್ಚಬೇಕು ಫಾದರ್. ಇಲ್ದಿದ್ರೆ ನೀರು ನಿಂತು ಬಿರಿಯುತ್ತೆ."

"ಏನ್ ಮುಚ್ಚೋದು?"

ಅವಳು ಯೋಚಿಸಿದಳು. "ಮನೇಲಿ ಒಂದು ಸ್ಟೀಲ್ ಬಟ್ಲಿದೆ. ಬೋರಲು ಹಾಕಿದ್ರೆ ಸರಿಹೋಗುತ್ತೆ. ಪ್ರತಿ ವರ್ಷ ನಾನೇ ಬಂದು ಹಾಕ್ತೀನಿ."

"ಪ್ರತಿ ವರ್ಷ ಬರ್ತೀಯಾ?"

"ಬರ್ಲೇಬೇಕಲ್ಲ" ಎಂದಳು ಭಾನುಪ್ರಿಯಾ, ನೋಯುವ ಭುಜವನ್ನು ಒತ್ತಿಕೊಳ್ಳುತ್ತ. "ಅಲ್ಲ ಫಾದರ್, ಆ ನೀರುನಾಯಿ ಪುಸ್ತಕ ತಂದುಕೊಡ್ತಲ್ಲ, ಆಮೇಲೆ ಅದಕ್ಕೇನಾಯ್ತು?"